ಹೋದವರು ಹೋದ ಮೇಲೂ ಅದೇ ಬ್ಯಾಂಡಾ? ಬೀಕನ್ ಥಿಯೇಟರ್‌ನ ಎರಡು ರಾತ್ರಿಗಳ ಬಗ್ಗೆ

ಓದುಗರ ಪ್ರಶ್ನೆ: ನಾನು ಸಾಗರದವನು, ಈಗ ಬೆಂಗಳೂರಿನಲ್ಲಿ ಕೆಲಸ. ಮನೆಯಲ್ಲಿ ಅಪ್ಪ ಹಾಕುತ್ತಿದ್ದ ಹಿಂದೂಸ್ತಾನಿ ಕೇಳಿ ಬೆಳೆದೆ. ಮೂರು ವರ್ಷದಿಂದ ಗಿಟಾರ್ ಕಲಿಯುತ್ತಿದ್ದೇನೆ. ಗೆಳೆಯರೊಬ್ಬರು ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ 2003ರ ಬೀಕನ್ ಥಿಯೇಟರ್ ಕಛೇರಿಯ ಡಿವಿಡಿ ಕೊಟ್ಟರು. ಸದರ್ನ್ ರಾಕ್‌ನಲ್ಲಿ, ಅಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್ ಸಂಗೀತದಲ್ಲಿ, ಇದಕ್ಕಿಂತ ಒಳ್ಳೆಯದಿಲ್ಲ ಅಂದರು. ನೋಡಿದೆ, ಪೂರ್ತಿ ಒಳಗೆ ಹೋಗಲಾಗಲಿಲ್ಲ. ಹಾಡುಗಳು ಮುಗಿಯುವುದೇ ಇಲ್ಲ. ವೇದಿಕೆ ಮೇಲೆ ಯಾರೂ ಅಲ್ಲಾಡುವುದೂ ಇಲ್ಲ. ಡ್ರಮ್ಮರ್ ಇಬ್ಬರು ಯಾಕೆ? ಬ್ಯಾಂಡ್ ಕಟ್ಟಿದ ಅಣ್ಣ ತೀರಿಹೋಗಿ 30 ವರ್ಷ ಆಗಿತ್ತು, ಇನ್ನೊಬ್ಬ ಗಿಟಾರಿಸ್ಟ್ ಕೂಡ ಇಲ್ಲ. ಇದನ್ನು ಅದೇ ಬ್ಯಾಂಡ್ ಅನ್ನಬಹುದಾ? ಆದರೆ ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿ ನುಡಿಸುವ ಆ ಸ್ಲೈಡ್ ಗಿಟಾರ್ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಅದನ್ನು ಕಲಿಯಲು ಎಲ್ಲಿಂದ ಶುರು ಮಾಡಲಿ?

ಉತ್ತರ:

ಹೌದು, ಅದೇ ಬ್ಯಾಂಡ್. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಇದಕ್ಕೇ ಬಂದು ಸೇರುತ್ತವೆ. ಸಾಗರದವರು ನೀವು. ಯಕ್ಷಗಾನ ಮೇಳ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಹೆಸರಾಂತ ವೇಷಧಾರಿ ತೀರಿಕೊಂಡ ಅಂತ ಮೇಳ ತಿರುಗಾಟ ನಿಲ್ಲಿಸುವುದಿಲ್ಲ. ಆ ವೇಷವನ್ನು ಇನ್ನೊಬ್ಬ ಕಟ್ಟುತ್ತಾನೆ. ಮೊದಲ ವರ್ಷ ಜನ ಹಳಬನನ್ನೇ ನೆನೆಯುತ್ತಾರೆ. ಆಮೇಲೆ ಒಂದು ರಾತ್ರಿ ಹೊಸಬನ ಹೆಜ್ಜೆ ನೋಡಿ ಸುಮ್ಮನಾಗುತ್ತಾರೆ. ಆಲ್‌ಮನ್ ಬ್ರದರ್ಸ್ ಬ್ಯಾಂಡ್ ಅಂಥ ಮೇಳ. ನಿಮ್ಮ ಕೈಯಲ್ಲಿರುವ ಡಿವಿಡಿ, ಜನ ಹಾಗೆ ಸುಮ್ಮನಾದ ಹೊತ್ತಿನದು.

ಕಥೆ ಶುರುವಾಗುವುದು 1969ರ ಮಾರ್ಚ್‌ನಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ಡ್ವೇನ್ ಆಲ್‌ಮನ್‌ಗೆ ಆಗ 22 ವರ್ಷ. ಅಲಬಾಮಾದ ಮಸಲ್ ಶೋಲ್ಸ್‌ನ ಸ್ಟುಡಿಯೋಗಳಲ್ಲಿ ಬೇರೆಯವರ ರೆಕಾರ್ಡ್‌ಗಳಿಗೆ ಗಿಟಾರ್ ನುಡಿಸಿ ಆಗಲೇ ಹೆಸರು ಮಾಡಿದ್ದ. ಆ ಕೆಲಸ ಸಾಕಾಗಿ ತನ್ನದೇ ಬ್ಯಾಂಡ್ ಕಟ್ಟಲು ಹೊರಟ. ಇನ್ನೊಂದು ಗಿಟಾರ್‌ಗೆ ಡಿಕಿ ಬೆಟ್ಸ್, ಬೇಸ್‌ಗೆ ಬೆರಿ ಓಕ್ಲಿ, ಡ್ರಮ್ಸ್‌ಗೆ ಬಚ್ ಟ್ರಕ್ಸ್ ಮತ್ತು ಜೇಮೋ. ಹಾಡಲು, ಆರ್ಗನ್ ನುಡಿಸಲು ಲಾಸ್ ಏಂಜಲೀಸ್‌ನಲ್ಲಿದ್ದ ತಮ್ಮ ಗ್ರೆಗ್‌ನನ್ನು ಕರೆಸಿಕೊಂಡ. ಆರು ಜನ. ಜಾರ್ಜಿಯಾ ರಾಜ್ಯದ ಮೇಕನ್ ಊರಿಗೆ ಹೋಗಿ ಒಟ್ಟಿಗೆ ಬದುಕಿದರು. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ್ದು ಅದೇ ಜುಲೈನಲ್ಲಿ ಎರಡು ರೆಕಾರ್ಡ್‌ಗಳ ಆಲ್ಬಮ್ ಆಗಿ ಬಂತು. ರಾಕ್ ಸಂಗೀತದ ಲೈವ್ ಆಲ್ಬಮ್‌ಗಳಲ್ಲಿ ಅದಕ್ಕಿಂತ ಮೇಲಿನದನ್ನು ನಾನು ಕೇಳಿಲ್ಲ.

ಅದು ಬಂದು ನಾಲ್ಕು ತಿಂಗಳು ತುಂಬುವ ಮೊದಲೇ, 1971ರ ಅಕ್ಟೋಬರ್ 29ರಂದು, ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಡ್ವೇನ್ ಹೋದ. 24 ವರ್ಷ. ಮರುವರ್ಷ ನವೆಂಬರ್‌ನಲ್ಲಿ ಬೆರಿ ಓಕ್ಲಿ ಕೂಡ ಮೋಟಾರ್‌ಸೈಕಲ್ ಅಪಘಾತದಲ್ಲೇ ಹೋದ, ಅದೇ ಊರಲ್ಲಿ, ಡ್ವೇನ್ ಬಿದ್ದ ಜಾಗದಿಂದ ಕೆಲವೇ ಬೀದಿ ಆಚೆ. ಅವನಿಗೂ 24. ಇಬ್ಬರನ್ನೂ ಮೇಕನ್‌ನ ರೋಸ್ ಹಿಲ್ ಸ್ಮಶಾನದಲ್ಲಿ ಅಕ್ಕಪಕ್ಕ ಮಣ್ಣು ಮಾಡಿದ್ದಾರೆ. ಬ್ಯಾಂಡ್‌ನವರು ಎಳೆಯ ದಿನಗಳಲ್ಲಿ ಹೊತ್ತು ಕಳೆಯಲು ಹೋಗುತ್ತಿದ್ದದ್ದೂ ಅದೇ ಸ್ಮಶಾನಕ್ಕೆ. ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’ ಅನ್ನುವ ಅವರ ದೊಡ್ಡ ವಾದ್ಯರಚನೆಯ ಹೆಸರು ಅಲ್ಲಿನ ಒಂದು ಸಮಾಧಿಕಲ್ಲಿನಿಂದ ಬಂದದ್ದು.

ಈಗ ನಿಮ್ಮ ಡಿವಿಡಿ ಯಾಕೆ ಮುಖ್ಯ ಅನ್ನುವುದಕ್ಕೆ ಬರುತ್ತೇನೆ. ಡ್ವೇನ್ ಇದ್ದ ಕಾಲದ ಚಿತ್ರೀಕರಣ ತೀರಾ ಕಡಿಮೆ. 1970ರ ಸೆಪ್ಟೆಂಬರ್ 23ರಂದು ಫಿಲ್‌ಮೋರ್ ಈಸ್ಟ್‌ನಲ್ಲಿ ಟಿವಿಗಾಗಿ ತೆಗೆದ ಸ್ವಲ್ಪ ಇದೆ, ಇನ್ನು ಅಲ್ಲೊಂದು ಇಲ್ಲೊಂದು ತುಣುಕು. ಅಷ್ಟೇ. ನಮ್ಮ ತಲೆಮಾರಿನವರು ಆ ಸಂಗೀತವನ್ನು ಕಿವಿಯಲ್ಲೇ ನೋಡಿಕೊಂಡು ಬಂದೆವು. ನಾನು 20ನೇ ವಯಸ್ಸಿನಲ್ಲಿ ಕ್ಯಾಸೆಟ್ ಹಿಂದೆ ತಿರುಗಿಸಿ ತಿರುಗಿಸಿ, ಈ ಸ್ವರ ಯಾವ ಗಿಟಾರ್‌ನದು, ಆ ಪೆಟ್ಟು ಯಾವ ಡ್ರಮ್‌ನದು ಅಂತ ಊಹಿಸುತ್ತಿದ್ದೆ. ಹಾಗಾಗಿ ಈ ಸಂಗೀತ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ಕಣ್ಣಾರೆ, ಪೂರ್ತಿ ಉದ್ದಕ್ಕೆ ನೋಡಬೇಕು ಅಂದರೆ ಈ ಚಿತ್ರವೇ ಬೇಕು. 2003ರ ಮಾರ್ಚ್ 25 ಮತ್ತು 26, ಎರಡು ರಾತ್ರಿ ತೆಗೆದದ್ದು. ಅದೇ ರಾತ್ರಿಗಳ ಧ್ವನಿಮುದ್ರಣ ‘ಒನ್ ವೇ ಔಟ್’ ಅನ್ನುವ ಹೆಸರಿನಲ್ಲಿ 2004ರಲ್ಲಿ ಸಿಡಿಯಾಗಿಯೂ ಬಂತು.

ಬೀಕನ್ ಥಿಯೇಟರ್ ಮ್ಯಾನ್‌ಹಟನ್‌ನಲ್ಲಿ, ಬ್ರಾಡ್‌ವೇ ಮತ್ತು 74ನೇ ಬೀದಿ ಸೇರುವಲ್ಲಿದೆ. 1929ರಲ್ಲಿ ಶುರುವಾದ ಹಳೇ ಸಿನಿಮಾ ಮಂದಿರ. ಕೂರುವ ಜಾಗ 3,000ಕ್ಕಿಂತ ಕಡಿಮೆ. ಬ್ಯಾಂಡ್ ಅಲ್ಲಿ ಮೊದಲು ನುಡಿಸಿದ್ದು 1989ರಲ್ಲಿ. ಆಮೇಲೆ ಹೆಚ್ಚುಕಡಿಮೆ ಪ್ರತಿ ಮಾರ್ಚ್ ತಿಂಗಳೂ ಅಲ್ಲಿಗೆ ಹೋಗಿ ರಾತ್ರಿಗಟ್ಟಲೆ ನುಡಿಸುವುದು ರೂಢಿಯಾಯಿತು. ನಮ್ಮಲ್ಲಿ ರಾಮನವಮಿ ಸಂಗೀತೋತ್ಸವಕ್ಕೆ ವರ್ಷವೂ ಬರುವವರು ಇರುತ್ತಾರಲ್ವಾ, ಹಾಗೆ ವರ್ಷವೂ ಬರುವ ಜನ. ಪ್ರತಿ ರಾತ್ರಿ ಬೇರೆ ಬೇರೆ ಹಾಡು. ಒಂದೇ ಹಾಡು ಎರಡು ರಾತ್ರಿ ಬಂದರೆ ಎರಡು ರೀತಿ. ಎದುರಿಗೆ ಕೂತವರಿಗೆ ಹಾಡು ಮೊದಲೇ ಬಾಯಿಪಾಠ. ಅವರು ಹಾಡು ಕೇಳಲು ಬಂದಿಲ್ಲ, ಇವತ್ತು ಅದು ಎಲ್ಲಿಗೆ ಹೋಗುತ್ತದೆ ಅಂತ ಕೇಳಲು ಬಂದಿದ್ದಾರೆ. ನೀವು ಯಮನ್ ರಾಗ ಕೇಳಲು ಕೂತಾಗ ಯಮನ್ ಅಂದರೇನು ಅಂತ ತಿಳಿಯಲು ಕೂರುವುದಿಲ್ಲ. ಹಾಗೇ ಇದು. ಉದ್ದ ಯಾಕೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ಡ್ವೇನ್ ಏನು ಕೇಳುತ್ತಿದ್ದ ಅನ್ನುವುದರಲ್ಲಿದೆ. ಬ್ಲೂಸ್ ಅಂತೂ ಸರಿ, ದಕ್ಷಿಣದ ಹುಡುಗರಿಗೆ ಅದು ಮನೆಯ ಊಟ. ಆದರೆ ಜೇಮೋ ಅವನಿಗೆ ಜಾಝ್ ಹಚ್ಚಿದ. ಮೈಲ್ಸ್ ಡೇವಿಸ್, ಜಾನ್ ಕೋಲ್‌ಟ್ರೇನ್ ಅವರ ರೆಕಾರ್ಡ್‌ಗಳನ್ನು ಡ್ವೇನ್ ಮತ್ತೆ ಮತ್ತೆ ಕೇಳುತ್ತಿದ್ದ. ಅಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಕಡಿಮೆ. ಒಂದೋ ಎರಡೋ ಕಾರ್ಡ್ ಹಿಡಿದು, ಅದರ ಮೇಲೆ ಒಂದೇ ಸ್ವರಮಾಲೆಯಲ್ಲಿ ನಿಧಾನವಾಗಿ ಹರಡಿಕೊಳ್ಳುವುದು. ಆ ಕೋಲ್‌ಟ್ರೇನ್ ಯಾರನ್ನು ಕೇಳುತ್ತಿದ್ದ? ರವಿಶಂಕರ್ ಅವರನ್ನು. ಮಗನಿಗೆ ರವಿ ಅಂತಲೇ ಹೆಸರಿಟ್ಟ. ಅಂದರೆ ನಿಮ್ಮ ಅಪ್ಪ ಹಾಕುತ್ತಿದ್ದ ಸಂಗೀತದ ಒಂದು ಎಳೆ ಸುತ್ತಿ ಬಳಸಿ ಜಾರ್ಜಿಯಾಕ್ಕೆ ಹೋಗಿ ಮುಟ್ಟಿದೆ. ಅವರ ‘ಡ್ರೀಮ್ಸ್’ ಹಾಡು ಕೇಳಿ. ಮೂರರ ನಡೆ. ಗಿಟಾರ್ ಒಂಟಿಯಾಗಿ ಹೊರಟಾಗ ಕೆಳಗೆ ಎರಡೇ ಕಾರ್ಡ್ ಹೋಗಿ ಬಂದು ಮಾಡುತ್ತಿರುತ್ತವೆ, ತಂಬೂರಿಯ ಹಾಗೆ. ಅದರ ಮೇಲೆ ಆಲಾಪ ಅಂತಲೇ ಅಂದುಕೊಂಡು ಕೇಳಿ, ನಿಮಗೆ ಹತ್ತು ನಿಮಿಷ ಹೋದದ್ದು ಗೊತ್ತಾಗುವುದಿಲ್ಲ.

ಆ ಸ್ಲೈಡ್ ತಲೆಯಿಂದ ಹೋಗುತ್ತಿಲ್ಲ ಅಂದಿರಿ. ನುಡಿಸುತ್ತಿರುವವನು ಡೆರೆಕ್ ಟ್ರಕ್ಸ್, ಡ್ರಮ್ಮರ್ ಬಚ್ ಟ್ರಕ್ಸ್ ಅವರ ಸಹೋದರನ ಮಗ. 1979ರಲ್ಲಿ ಹುಟ್ಟಿದವನು. ಡ್ವೇನ್ ತೀರಿಕೊಂಡು ಹೆಚ್ಚುಕಡಿಮೆ ಎಂಟು ವರ್ಷ ಕಳೆದಿತ್ತು. ಅವನಿಗೆ ಡೆರೆಕ್ ಅನ್ನುವ ಹೆಸರು ಬಂದದ್ದೇ ‘ಡೆರೆಕ್ ಆಂಡ್ ದ ಡಾಮಿನೋಸ್’ ಇಂದ. ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಅವರ ಆ ಬ್ಯಾಂಡ್‌ನ 1970ರ ಆಲ್ಬಮ್‌ನಲ್ಲಿ ಡ್ವೇನ್ ಸ್ಲೈಡ್ ನುಡಿಸಿದ್ದ. ಹುಡುಗ ಒಂಬತ್ತನೇ ವಯಸ್ಸಿಗೆ ಗಿಟಾರ್ ಹಿಡಿದ. ಪುಟ್ಟ ಬೆರಳಿಗೆ ತಂತಿ ಒತ್ತುವುದು ಕಷ್ಟವಾಗಿ ಸ್ಲೈಡ್‌ಗೆ ಹೋದ. 1999ರಲ್ಲಿ, 20ನೇ ವಯಸ್ಸಿಗೆ ಈ ಬ್ಯಾಂಡ್ ಸೇರಿದ. ಈ ಕಛೇರಿ ಚಿತ್ರೀಕರಿಸುವಾಗ ಅವನಿಗೆ 23. ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸುವಾಗ ಡ್ವೇನ್‌ಗೆ 24. ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ಗ್ರೆಗ್ ಮುಖ ನೋಡಿ. 55 ವರ್ಷದ ತಮ್ಮ ಆರ್ಗನ್ ಮುಂದೆ ಕೂತಿದ್ದಾನೆ. ಎದುರಿಗೆ, ಅಣ್ಣ ಬಿಟ್ಟುಹೋದ ವಯಸ್ಸಿನ ಹುಡುಗ ಅಣ್ಣನ ಸ್ವರಗಳನ್ನು ನುಡಿಸುತ್ತಿದ್ದಾನೆ. ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಅಣ್ಣನ ಸ್ವರ ಅಂದೆ, ಆದರೆ ನಕಲು ಅಲ್ಲ. ‘ಏಂಟ್ ವೇಸ್ಟಿನ್ ಟೈಮ್ ನೋ ಮೋರ್’ ತೆಗೆದುಕೊಳ್ಳಿ. ಡ್ವೇನ್ ಹೋದ ದುಃಖದಲ್ಲಿ ಗ್ರೆಗ್ ಬರೆದ ಹಾಡು. 1972ರ ಆಲ್ಬಮ್‌ನಲ್ಲಿ ಅದಕ್ಕೆ ಸ್ಲೈಡ್ ನುಡಿಸಿದವನು ಡಿಕಿ ಬೆಟ್ಸ್. ಗೆಳೆಯನ ಜಾಗ ಖಾಲಿಯಾಯಿತು, ಯಾರಾದರೂ ತುಂಬಲೇಬೇಕು, ಅದಕ್ಕೆ ಅವನು ಸ್ಲೈಡ್ ತೊಟ್ಟ. ಬೀಕನ್‌ನಲ್ಲಿ ಅದು ಡೆರೆಕ್ ಬೆರಳಿಗೆ ಬಂದಿದೆ. ಒಬ್ಬ ಇಲ್ಲದ್ದಕ್ಕೇ ಹುಟ್ಟಿದ ಹಾಡು ಕೈಯಿಂದ ಕೈಗೆ ದಾಟಿ ಬಂದದ್ದು ಹೀಗೆ. ಇದು ಅದೇ ಬ್ಯಾಂಡಾ ಅಂತ ಕೇಳಿದಿರಲ್ಲ, ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಈ ಹಾಡು.

ಡೆರೆಕ್ ಕೈ ಹತ್ತಿರದಿಂದ ತೋರಿಸಿದಾಗ ಚಿತ್ರ ನಿಲ್ಲಿಸಿ ನೋಡಿ. ಕೆಂಪು ಗಿಬ್ಸನ್ ಎಸ್‌ಜಿ ಗಿಟಾರ್. ಎಡಗೈಯ ಉಂಗುರ ಬೆರಳಿಗೆ ಗಾಜಿನ ಕೊಳವೆ. ಬಲಗೈಯಲ್ಲಿ ತಂತಿ ಮೀಟುವ ಪಿಕ್ ಇಲ್ಲ, ಬರೀ ಹೆಬ್ಬೆರಳು ಮತ್ತು ಬೆರಳುಗಳು. ಒಂದು ಬೆರಳು ತಂತಿ ಮೀಟುವಾಗ ಉಳಿದ ಬೆರಳು ಬೇರೆ ತಂತಿಗಳ ಮೇಲೆ ಕೂತು ಅವು ಸದ್ದು ಮಾಡದಂತೆ ತಡೆಯುತ್ತಿರುತ್ತವೆ. ಸ್ಲೈಡ್‌ನ ಹಿಂದೆ ಎಡಗೈಯ ಇನ್ನೊಂದು ಬೆರಳು ತಂತಿಯನ್ನು ಹಗುರವಾಗಿ ಸವರಿಕೊಂಡೇ ಬರುತ್ತದೆ. ಅಷ್ಟು ಶುದ್ಧವಾದ ಸ್ವರ ಬರುವುದು ನುಡಿಸುವುದರಿಂದ ಎಷ್ಟೋ, ತಡೆಯುವುದರಿಂದ ಅಷ್ಟೇ. ಇನ್ನೊಂದು ಗಮನಿಸಿ. ಅವನು ಸ್ವರಕ್ಕೆ ನೇರವಾಗಿ ಹೋಗಿ ನಿಲ್ಲುವುದು ಕಡಿಮೆ. ಸ್ವಲ್ಪ ಕೆಳಗಿನಿಂದ ಬರುತ್ತಾನೆ, ಮುಟ್ಟುತ್ತಾನೆ, ಬಿಡುತ್ತಾನೆ, ಮತ್ತೆ ಬರುತ್ತಾನೆ. ನಿಮಗೆ ಇದು ಮೀಂಡ್, ಅಂದರೆ ಹಿಂದೂಸ್ತಾನಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ರೀತಿ, ಅನ್ನಿಸಿದರೆ ಅದು ಭ್ರಮೆ ಅಲ್ಲ. ಡೆರೆಕ್ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿರುವ, ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರ ಹೆಸರಿನ ಅಲಿ ಅಕ್ಬರ್ ಕಾಲೇಜಿನಲ್ಲಿ ಸ್ವಲ್ಪ ಕಾಲ ಕಲಿತವನು. ತನ್ನ ಸ್ವಂತ ಬ್ಯಾಂಡ್‌ನ 2002ರ ಆಲ್ಬಮ್‌ನಲ್ಲಿ ರಾಹತ್ ಫತೇ ಅಲಿ ಖಾನ್ ಅವರಿಂದ ಕವ್ವಾಲಿ ಹಾಡಿಸಿದವನು.

ಸರೋದ್‌ಗೆ ಗಿಟಾರ್‌ಗಿರುವಂಥ ಮೆಟ್ಟಿಲು (ಫ್ರೆಟ್) ಇರುವುದಿಲ್ಲ. ಉಕ್ಕಿನ ತಗಡಿನ ಮೇಲೆ ಉಗುರು ಜಾರುತ್ತದೆ. ಸ್ಲೈಡ್ ಗಿಟಾರ್‌ಗೆ ಮೆಟ್ಟಿಲು ಇದ್ದರೂ ಗಾಜು ಅದನ್ನು ಮುಟ್ಟುವುದಿಲ್ಲ. ಎರಡರಲ್ಲೂ ಸ್ವರ ಎಲ್ಲಿದೆ ಅಂತ ಹೇಳುವುದು ಕಿವಿ ಮಾತ್ರ. ಮೈಸೂರಿನ ನಮ್ಮ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನ್ ಅವರ ಶಿಷ್ಯರು. 2024ರ ಜೂನ್‌ನಲ್ಲಿ ತೀರಿಕೊಂಡರು. ಅವರ ಯಾವುದಾದರೂ ಒಂದು ಆಲಾಪ ಕೇಳಿ, ಅದೇ ಸಂಜೆ ಡೆರೆಕ್ ಸ್ಲೈಡ್ ಕೇಳಿ. ಒಬ್ಬರು ಬೆಟ್ಟದಷ್ಟು ದೊಡ್ಡ ವಿದ್ವಾಂಸರು, ಇನ್ನೊಬ್ಬ ಬ್ಲೂಸ್ ಹುಡುಗ. ಹೋಲಿಕೆ ಮಾಡಲು ಹೇಳುತ್ತಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಇಬ್ಬರೂ ಎಷ್ಟು ಹೊತ್ತು ಕಳೆಯುತ್ತಾರೆ ಅಂತ ಕೇಳಿ ಸಾಕು.

ಇಬ್ಬರು ಡ್ರಮ್ಮರ್ ಯಾಕೆ? ಚೆಂಡೆ ಇದ್ದ ಮೇಲೆ ಮದ್ದಳೆ ಯಾಕೆ ಅಂತ ನೀವು ಕೇಳುವುದಿಲ್ಲ ಅಲ್ವಾ? ಬಚ್ ಟ್ರಕ್ಸ್ ಚೆಂಡೆ. ನೇರ, ಜೋರು, ಗೂಡ್ಸ್ ರೈಲಿನ ಹಾಗೆ ಎಲ್ಲರನ್ನೂ ಎಳೆದುಕೊಂಡು ಹೋಗುವವನು. ಜೇಮೋ ಮದ್ದಳೆ. ಗಾಯಕ ಓಟಿಸ್ ರೆಡಿಂಗ್ ಅವರ ಜೊತೆ ನುಡಿಸಿ ಬಂದ, ಜಾಝ್ ಮನಸ್ಸಿನ ಮನುಷ್ಯ. ಬಚ್ ಬಾರಿಸಿದ್ದನ್ನೇ ಅವನು ಬಾರಿಸುವುದಿಲ್ಲ, ಅದರ ಸಂದಿಯಲ್ಲಿ ಬಾರಿಸುತ್ತಾನೆ. ಸಿಂಬಲ್ ಮೇಲೆ ಹಗುರವಾದ ಮಾತು, ಎದುರುತ್ತರ, ನಡುವೆ ಸುಮ್ಮನಿರುವುದು. 1991ರಿಂದ ಇವರ ಜೊತೆ ಮಾರ್ಕ್ ಕಿನ್ಯೋನೆಸ್ ಅವರ ಕಾಂಗಾ, ಅಂದರೆ ಕೈಯಲ್ಲಿ ಬಾರಿಸುವ ಡ್ರಮ್, ಕೂಡ ಸೇರಿತ್ತು. ಒಮ್ಮೆ ಇಡೀ ಹಾಡಿಗೆ ಜೇಮೋ ಒಬ್ಬನನ್ನೇ ಕೇಳಿ. ಅವನಿಗೆ ಆಗ 58 ವರ್ಷ. ಆ ಇಡೀ ವೇದಿಕೆಯಲ್ಲಿ ನನಗೆ ಹೆಚ್ಚು ಪ್ರೀತಿ ಅವನ ಮೇಲೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಜೇಮೋ ಕಪ್ಪು ಮನುಷ್ಯ. 1969ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಬಿಳಿ ಹುಡುಗರು ಒಂದೇ ಬ್ಯಾಂಡ್‌ನಲ್ಲಿ, ಒಂದೇ ಮನೆಯಲ್ಲಿ ಇರುವುದು ಸಣ್ಣ ಮಾತಲ್ಲ. ಆಮೇಲೆ ಬಂದ ಕೆಲವು ಸದರ್ನ್ ರಾಕ್ ಬ್ಯಾಂಡ್‌ಗಳು ಅಂತರ್ಯುದ್ಧ ಕಾಲದ ದಕ್ಷಿಣದ ಬಾವುಟವನ್ನು ವೇದಿಕೆಗೆ ಕಟ್ಟಿದವು. ಈ ಬ್ಯಾಂಡ್‌ನ ಗುರುತು ಒಂದು ಅಣಬೆ. ಸದರ್ನ್ ರಾಕ್ ಅನ್ನುವ ಪದವೇ ಗ್ರೆಗ್‌ಗೆ ಇಷ್ಟವಿರಲಿಲ್ಲ. ರಾಕ್ ಹುಟ್ಟಿದ್ದೇ ದಕ್ಷಿಣದಲ್ಲಿ, ಮತ್ತೆ ಸದರ್ನ್ ಅಂತ ಬೇರೆ ಯಾಕೆ ಹೇಳಬೇಕು ಅನ್ನುತ್ತಿದ್ದರು. ನಿಮ್ಮ ಗೆಳೆಯರ ಪದ ತಪ್ಪು ಅಂತಲ್ಲ, ಅಂಗಡಿಯಲ್ಲಿ ಹುಡುಕಲು ಅದು ಬೇಕು. ಕೇಳುವಾಗ ಬದಿಗಿಡಿ.

‘ವಿಪ್ಪಿಂಗ್ ಪೋಸ್ಟ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ. ಈ ಹಾಡು ಹುಟ್ಟಿದ ಕಥೆಯನ್ನು ಗ್ರೆಗ್ ಹೇಳಿಕೊಂಡಿದ್ದಾರೆ. ನಡುರಾತ್ರಿ ಹಾಡು ಹೊಳೆಯಿತು. ಮನೆಯಲ್ಲಿ ಮಗು ಮಲಗಿತ್ತು, ದೀಪ ಹಾಕುವ ಹಾಗಿಲ್ಲ, ಕಾಗದ ಸಿಗಲಿಲ್ಲ. ಬೆಂಕಿಕಡ್ಡಿ ಗೀರಿ, ಆರಿಸಿ, ಅದರ ಕರಿತುದಿಯಿಂದ ಇಸ್ತ್ರಿ ಹಲಗೆಯ ಬಟ್ಟೆ ಮೇಲೆ ಸಾಲುಗಳನ್ನು ಬರೆದುಕೊಂಡರು. ಹಾಡು ಬೇಸ್ ಗಿಟಾರ್‌ನಿಂದ ಶುರುವಾಗುತ್ತದೆ. ಬೆರಿ ಓಕ್ಲಿ ಹಾಕಿಕೊಟ್ಟ ಸಾಲು, ಬೀಕನ್‌ನಲ್ಲಿ ಅದನ್ನು ಹಿಡಿಯುವವನು ಓಟೀಲ್ ಬರ್ಬ್ರಿಜ್. ಅದಕ್ಕೆ ತಾಳ ಹಾಕಲು ಹೋದರೆ ಕೈ ತಪ್ಪುತ್ತದೆ. ನಾಲ್ಕಕ್ಕೂ ಕೂರುವುದಿಲ್ಲ, ಮೂರಕ್ಕೂ ಕೂರುವುದಿಲ್ಲ. ಬಾಯಲ್ಲಿ ಹೀಗೆ ಹೇಳಿಕೊಳ್ಳಿ: ತಕಿಟ ತಕಿಟ ತಕಿಟ ತಕ. ಮೂರು, ಮೂರು, ಮೂರು, ಎರಡು. ಒಟ್ಟು ಹನ್ನೊಂದು. ಆ ಕೊನೆಯ ‘ತಕ’ ಇದೆಯಲ್ಲ, ಅಲ್ಲಿ ಕಾಲು ಒಂದು ಮೆಟ್ಟಿಲು ತಪ್ಪಿ ಮುಂದಿನದಕ್ಕೆ ಬಿದ್ದ ಹಾಗಾಗುತ್ತದೆ. ಇಡೀ ಹಾಡಿನ ಆತಂಕ ಆ ಎರಡು ಪೆಟ್ಟಿನಲ್ಲಿದೆ. ಗ್ರೆಗ್‌ಗೆ ಅದು ಹನ್ನೊಂದು ಅಂತ ಗೊತ್ತೇ ಇರಲಿಲ್ಲವಂತೆ. ಮೂರು ಮೂರು ಮೂರು, ಆಮೇಲೆ ಮತ್ತೆ ಮೊದಲಿಗೆ ಹಾರಲು ಎರಡು ಅಂತಷ್ಟೇ ಎಣಿಸಿಕೊಂಡಿದ್ದರು. ಹೆಸರು ಹೇಳಿಕೊಟ್ಟವನು ಅಣ್ಣ. ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ನಮ್ಮ ಕೊನ್ನಕೋಲು ವಿದ್ವಾಂಸರೂ ಇದನ್ನು ಹಾಗೇ ಒಡೆಯುತ್ತಿದ್ದರು.

ಹಾಡು ಶುರುವಾದ ಕೂಡಲೇ ಹನ್ನೊಂದು ಬಿಟ್ಟು ಆರರ ನಡೆಗೆ ಬೀಳುತ್ತದೆ. ಉಸಿರು ಬಿಟ್ಟ ಹಾಗೆ. ಚಿತ್ರದಲ್ಲಿ ಆ ತಿರುವಿನಲ್ಲಿ ಇಬ್ಬರು ಡ್ರಮ್ಮರ್‌ಗಳೂ ಒಟ್ಟಿಗೆ ಇಳಿಯುವುದನ್ನು ಕೇಳಿ. ಫಿಲ್‌ಮೋರ್ ಈಸ್ಟ್ ಆಲ್ಬಮ್‌ನಲ್ಲಿ ಈ ಹಾಡು ಸುಮಾರು 23 ನಿಮಿಷ ಇದೆ. ನಡುವೆ ಎಲ್ಲರೂ ಪಿಸುಮಾತಿಗೆ ಇಳಿಯುತ್ತಾರೆ. ಹಾಡು ಕಳೆದೇ ಹೋಯಿತು ಅನ್ನಿಸುವಾಗ ಯಾರೋ ಒಬ್ಬ ಒಂದು ಸುಳಿವು ಕೊಡುತ್ತಾನೆ, ಉಳಿದವರು ಅದನ್ನು ಹಿಡಿದು ಮೇಲೆ ಬರುತ್ತಾರೆ. ವೇದಿಕೆ ಮೇಲೆ ಯಾರೂ ಅಲ್ಲಾಡುವುದಿಲ್ಲ ಅಂತ ಬರೆದಿರಿ. ಈ ಸುಳಿವನ್ನು ಕಾಯುತ್ತಿರುವವರು ಹೇಗೆ ಅಲ್ಲಾಡುತ್ತಾರೆ? ಅವರು ಕಿವಿಗೊಟ್ಟು ನಿಂತಿದ್ದಾರೆ. ನುಡಿಸುವವನನ್ನು ಬಿಟ್ಟು, ಆ ಹೊತ್ತಿಗೆ ನುಡಿಸದೆ ಇರುವವನನ್ನು ನೋಡಿ. ಇನ್ನೊಬ್ಬ ಗಿಟಾರಿಸ್ಟ್ ವಾರನ್ ಹೇನ್ಸ್ ತಲೆ ಯಾವ ಕಡೆ ವಾಲಿದೆ ನೋಡಿ. 1989ರಲ್ಲಿ ಬಂದು, ನಡುವೆ ಕೆಲವು ವರ್ಷ ಬಿಟ್ಟು ಮತ್ತೆ ಬಂದವರು ಅವರು. ಗ್ರೆಗ್ ಹಾಡಿನ ಮನೆಯೊಡೆಯ ಆದರೆ, ಆ ವರ್ಷಗಳಲ್ಲಿ ಗಾಡಿ ಹೊಡೆಯುತ್ತಿದ್ದವರು ಹೇನ್ಸ್.

ಗ್ರೆಗ್ ಬಗ್ಗೆ ಒಂದು ಮಾತು. ಅವರು ಹ್ಯಾಮಂಡ್ ಆರ್ಗನ್ ಹಿಂದೆ ಒಂದು ಬದಿಗೆ ಕೂತಿರುತ್ತಾರೆ. ಆ ಆರ್ಗನ್‌ನ ಸದ್ದು ಹೊರಬರುವುದು ಲೆಸ್ಲಿ ಅನ್ನುವ ಪೆಟ್ಟಿಗೆಯಿಂದ. ಅದರೊಳಗೆ ಕೊಂಬಿನಂಥದ್ದೊಂದು ತಿರುಗುತ್ತಿರುತ್ತದೆ. ನಿಧಾನ ತಿರುಗಿದರೆ ಸದ್ದು ಅಲೆಯಂತೆ, ಜೋರಾಗಿ ತಿರುಗಿದರೆ ನಡುಕದಂತೆ. ಹಾಡಿನ ಸಾಲು ಏರುವಾಗ ಆ ವೇಗ ಏರುವುದನ್ನು ಕೇಳಿಸಿಕೊಳ್ಳಿ. ಕುಡಿತ, ಮಾದಕವಸ್ತು ಬಿಟ್ಟು ಅವರಿಗೆ ಆಗ ಕೆಲವು ವರ್ಷ ಆಗಿತ್ತು. ಕಂಠದಲ್ಲಿ ಬಿರುಕು ಇದೆ, ಆದರೆ ಸುಳ್ಳು ಒಂದೂ ಇಲ್ಲ. 21ನೇ ವಯಸ್ಸಿನಲ್ಲಿ ಬರೆದ ನೋವಿನ ಹಾಡು ಅವರಿಗೆ ಸರಿಯಾಗಿ ಹೊಂದಿಕೊಂಡದ್ದು 55ಕ್ಕೆ ಅಂತ ನನ್ನ ಅನಿಸಿಕೆ.

ಕೊರತೆಯೂ ಹೇಳಬೇಕು. ಡಿಕಿ ಬೆಟ್ಸ್ ಇಲ್ಲ. 2000ದಲ್ಲಿ ಮನಸ್ತಾಪ ಬೆಳೆದು, ಉಳಿದವರು ಅವರಿಗೆ ಫ್ಯಾಕ್ಸ್ ಕಳಿಸಿ ದೂರ ಮಾಡಿದರು. 31 ವರ್ಷದ ಒಡನಾಟ ಒಂದು ಹಾಳೆಯಲ್ಲಿ ಮುಗಿಯಿತು. ‘ಜೆಸಿಕಾ’, ‘ರ‍್ಯಾಂಬ್ಲಿನ್ ಮ್ಯಾನ್’, ಎಲಿಜಬೆತ್ ರೀಡ್ ಎಲ್ಲ ಬೆಟ್ಸ್ ಬರೆದವು. ಡ್ವೇನ್ ಮತ್ತು ಬೆಟ್ಸ್ ಎರಡು ಗಿಟಾರ್‌ಗಳಲ್ಲಿ ಒಂದೇ ರಾಗವನ್ನು ಮೂರು ಸ್ವರದ ಅಂತರದಲ್ಲಿ ಒಟ್ಟಿಗೆ ನುಡಿಸುವ ರೀತಿಯನ್ನು ಈ ಬ್ಯಾಂಡ್‌ನ ಸಹಿ ಮಾಡಿದರು. ಬೆಟ್ಸ್ ಗಿಟಾರ್‌ನಲ್ಲಿ ಬೆಳಗಿನ ಬಿಸಿಲು ಇತ್ತು. ಹಳ್ಳಿಗಾಡಿನ ಪಿಟೀಲಿನ ನಗು ಇತ್ತು. ಬೀಕನ್‌ನಲ್ಲಿ ಹೇನ್ಸ್ ಮತ್ತು ಡೆರೆಕ್ ಸೇರಿದಾಗ ಆಳ ಇದೆ, ಕತ್ತಲು ಇದೆ, ಆ ಬಿಸಿಲು ಕಡಿಮೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಬೆಟ್ಸ್ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಬಚ್ ಟ್ರಕ್ಸ್ ಮತ್ತು ಗ್ರೆಗ್ ಇಬ್ಬರೂ 2017ರಲ್ಲೇ ಹೋದರು. ಗ್ರೆಗ್ ಕೂಡ ಈಗ ರೋಸ್ ಹಿಲ್‌ನಲ್ಲೇ ಇದ್ದಾರೆ.

ಮೇಳ ಕೊನೆಗೆ ತಿರುಗಾಟ ನಿಲ್ಲಿಸಿದ್ದೂ ಬೀಕನ್‌ನಲ್ಲೇ. 2014ರ ಅಕ್ಟೋಬರ್ 28ರ ರಾತ್ರಿ ಶುರುವಾದ ಕಛೇರಿ ನಡುರಾತ್ರಿ ದಾಟಿ 29ಕ್ಕೆ ಹೋಯಿತು. ಅಂದರೆ ಡ್ವೇನ್ ತೀರಿಕೊಂಡ ದಿನಕ್ಕೆ. ಕೊನೆಗೆ ನುಡಿಸಿದ್ದು ಬ್ಲೂಸ್ ಗಾಯಕ ಮಡಿ ವಾಟರ್ಸ್ ಅವರ ‘ಟ್ರಬಲ್ ನೋ ಮೋರ್’. 1969ರಲ್ಲಿ ಗ್ರೆಗ್ ಬಂದ ದಿನ ಆರು ಜನ ಸೇರಿ ಮೊದಲು ನುಡಿಸಿದ ಹಾಡು ಅದೇ.

ಇನ್ನು ನಿಮ್ಮ ಸ್ಲೈಡ್. ಡ್ವೇನ್ ಶುರು ಮಾಡಿದ್ದು ಹೇಗೆ ಅಂತ ಹೇಳಿದರೆ ನಿಮಗೆ ಧೈರ್ಯ ಬರಬಹುದು. 1968ರಲ್ಲಿ ಕುದುರೆಯಿಂದ ಬಿದ್ದು ಎಡ ಮೊಣಕೈಗೆ ಪೆಟ್ಟಾಗಿತ್ತು. ಅಣ್ಣನ ಹುಟ್ಟುಹಬ್ಬಕ್ಕೆ ಗ್ರೆಗ್ ಎರಡು ವಸ್ತು ಕೊಟ್ಟರು. ತಾಜ್ ಮಹಲ್ ಅನ್ನುವ ಬ್ಲೂಸ್ ಗಾಯಕನ ರೆಕಾರ್ಡ್, ಮತ್ತು ನೆಗಡಿಗೆ ಕೊರಿಸಿಡಿನ್ ಮಾತ್ರೆಯ ಒಂದು ಶೀಶೆ. ಡ್ವೇನ್ ಮಾತ್ರೆ ಸುರಿದು, ಶೀಶೆಯ ಚೀಟಿ ತೊಳೆದು, ಬೆರಳಿಗೆ ತೊಟ್ಟು, ಆ ರೆಕಾರ್ಡ್‌ನಲ್ಲಿದ್ದ ‘ಸ್ಟೇಟ್ಸ್‌ಬರೋ ಬ್ಲೂಸ್’ ಹಾಡಿನ ಸ್ಲೈಡ್ ಕಲಿತ. ಫಿಲ್‌ಮೋರ್ ಈಸ್ಟ್ ಆಲ್ಬಮ್ ಶುರುವಾಗುವುದೇ ಆ ಹಾಡಿನಿಂದ. ನಾನೂ ಒಂದು ಕೆಮ್ಮಿನ ಔಷಧಿಯ ಸಣ್ಣ ಶೀಶೆಯಿಂದ ಶುರು ಮಾಡಿದೆ. ಅದು ಬೆರಳಿಗೆ ಸಡಿಲವಾಗಿತ್ತು. ಒಳಗೆ ತೆಳು ಬಟ್ಟೆ ಸುತ್ತಿಕೊಂಡು ಆರು ತಿಂಗಳು ನುಡಿಸಿದೆ.

ಈಗ ಗಾಜಿನ ಸ್ಲೈಡ್ ಅಂಗಡಿಯಲ್ಲೇ ಸಿಗುತ್ತದೆ. ಬೆರಳಿಗೆ ಬಿಗಿಯಾಗಿ ಕೂರುವುದನ್ನು, ಸ್ವಲ್ಪ ತೂಕ ಇರುವುದನ್ನು ತೆಗೆದುಕೊಳ್ಳಿ. ಶೀಶೆ ಒಡೆದು ಮಾಡಿಕೊಳ್ಳಲು ಮಾತ್ರ ಹೋಗಬೇಡಿ. ಗಿಟಾರ್ ತಂತಿ ಹಲಗೆಯಿಂದ ಸ್ವಲ್ಪ ಎತ್ತರದಲ್ಲಿರಲಿ, ತೀರಾ ತೆಳು ತಂತಿ ಬೇಡ. ಡ್ವೇನ್, ಡೆರೆಕ್ ಇಬ್ಬರದ್ದೂ ಓಪನ್ ಇ ಶ್ರುತಿ, ಅಂದರೆ ತಂತಿ ಒತ್ತದೆ ಮೀಟಿದರೇ ಇ ಕಾರ್ಡ್ ಬರುವ ಶ್ರುತಿ. ಎ ತಂತಿಯನ್ನು ಬಿ ಸ್ವರಕ್ಕೆ, ಡಿಯನ್ನು ಇ ಸ್ವರಕ್ಕೆ, ಜಿಯನ್ನು ಜಿ ಶಾರ್ಪ್‌ಗೆ ಏರಿಸಬೇಕು. ನಿಮ್ಮದು ಅಕೌಸ್ಟಿಕ್ ಆದರೆ ಅಷ್ಟು ಬಿಗಿ ಬೇಡ. ಎಲ್ಲವನ್ನೂ ಒಂದು ಸ್ವರ ಇಳಿಸಿದರೆ ಓಪನ್ ಡಿ ಆಗುತ್ತದೆ, ಅದೇ ಸಾಕು. ಗಾಜು ಮೆಟ್ಟಿಲ ಕಂಬಿಯ ನೇರ ಮೇಲೆ ಬರಬೇಕು, ಹಿಂದಕ್ಕಲ್ಲ. ಒತ್ತಬೇಡಿ, ತೇಲಿಸಿ.

ಮೊದಲ ತಿಂಗಳು ಹಾಡು ಬೇಡ. ಫೋನಿನಲ್ಲಿ ತಂಬೂರಿ ಹಾಕಿಕೊಳ್ಳಿ, ಮೇಲಿನ ಒಂದೇ ತಂತಿಯಲ್ಲಿ ಸರಿಗಮ ಹಿಡಿಯಿರಿ. ಗಾಂಧಾರಕ್ಕೆ ಬಂದಾಗ ಅಲ್ಲೇ ನಿಂತು ಮೇಲೆ ಕೆಳಗೆ ಕೂದಲೆಳೆಯಷ್ಟು ಸರಿಸಿ ನೋಡಿ. ತಂಬೂರಿಯ ಜೊತೆ ಅದು ಎಲ್ಲಿ ಕೂರುತ್ತದೆ ಅನ್ನುವುದು ನಿಮ್ಮ ಕಿವಿಗೆ ಆಗಲೇ ಗೊತ್ತು, ಅಪ್ಪನ ದಯೆ. ಬೆರಳಿಗೆ ಅದು ಗೊತ್ತಾಗಲು ಒಂದು ತಿಂಗಳು ಕೊಡಿ. ಆಮೇಲೆ ಡಿವಿಡಿ ಮತ್ತೆ ಹಾಕಿ, ‘ಡ್ರೀಮ್ಸ್’ನಿಂದ ಶುರು ಮಾಡಿ.